ದ್ವಿಚಂದ್ರ ದೃಷ್ಟಾಂತ ಮತ್ತು ಎರಡು ಕಣ್ಣುಗಳ ವ್ಯಾಪಾರ

ಭಾರತೀಯ ದರ್ಶನಗಳಲ್ಲಿ ಭ್ರಮೆಯ ವಿಚಾರ ಬಂದಾಗ ಹಗ್ಗದ ಹಾವು, ಕಪ್ಪೆಚಿಪ್ಪಿನ ಬೆಳ್ಳಿಗಳ ಜೊತೆಗೆ ಎರಡಾಗಿ ಕಾಣುವ ಚಂದ್ರನೂ ಬರುತ್ತಾನೆ. ಶಂಕರರು ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿ, ಅಧ್ಯಾಸವನ್ನು ವಿವೇಚಿಸುವಾಗಲೇ, ಚಿಪ್ಪಿನ ಬೆಳ್ಳಿಯೊಡನೆ ಈ ದೃಷ್ಟಾಂತವನ್ನು ಇರಿಸಿದ್ದಾರೆ. ಇವೆಲ್ಲವನ್ನೂ ಒಂದೇ ಬಗೆಯ ಭ್ರಮೆಯೆಂದು ಓದಿಬಿಡುವುದು ಸುಲಭ. ಆದರೆ ಹಗ್ಗವೆಂದು ತಿಳಿದೊಡನೆ ಹಾವು ಇಲ್ಲವಾಗುತ್ತದೆ. ಚಂದ್ರನೊಬ್ಬನೇ ಎಂದು ಬಲ್ಲವನಿಗೂ ಎರಡನೆಯ ಚಂದ್ರ ಕಾಣುತ್ತಲೇ ಇರುತ್ತಾನೆ. ಈ ಭೇದಕ್ಕೆ ಕಾರಣ ನೋಟದ ರಚನೆಯಲ್ಲಿಯೇ ಇದೆ.

ಮೇಲುಕೋಟೆಯ ಬೆಟ್ಟದ ಮೇಲಾಗಲಿ, ದೆಹಲಿಯ ದ್ವಾರಕಾದ ಬಹುಮಹಡಿ ಕಟ್ಟಡದ ತಾರಸಿಯಲ್ಲಾಗಲಿ ಇದನ್ನು ಪರೀಕ್ಷಿಸಬಹುದು. ಮುಖದಿಂದ ಒಂದು ಗೇಣು ದೂರದಲ್ಲಿ ಬೆರಳನ್ನು ನೆಟ್ಟಗೆ ಹಿಡಿದು ಅದನ್ನೇ ದಿಟ್ಟಿಸಿದರೆ ಹಿಂದಿನ ಚಂದ್ರ ಎರಡಾಗುತ್ತಾನೆ. ಆಗ ಬಲಗಣ್ಣನ್ನು ಮುಚ್ಚಿದರೆ ಬಲಗಡೆಯ ಚಂದ್ರ ಮರೆಯಾಗುತ್ತಾನೆ. ಚಂದ್ರನನ್ನು ದಿಟ್ಟಿಸಿದರೆ ಬೆರಳು ಎರಡಾಗುತ್ತದೆ. ಆಗ ಬಲಗಣ್ಣನ್ನು ಮುಚ್ಚಿದರೆ ಎಡಗಡೆಯ ಬೆರಳು ಮರೆಯಾಗುತ್ತದೆ.

ಎರಡು ಕಣ್ಣುಪಾಪೆಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿರುವುದರಿಂದ ಎರಡೂ ಕಣ್ಣುಗಳಿಗೆ ದೊರೆಯುವ ಚಿತ್ರಗಳು ತುಸು ಭಿನ್ನ. ದಿಟ್ಟಿಸಿದ ವಸ್ತುವಿನ ಬಿಂಬ ಎರಡು ಅಕ್ಷಿಪಟಗಳ ಅನುರೂಪ ಸ್ಥಾನಗಳಲ್ಲಿ ಬೀಳುತ್ತದೆ. ಪ್ರತಿ ಕಣ್ಣಿನ ನರತಂತುಗಳಲ್ಲಿ ಸುಮಾರು ಅರ್ಧದಷ್ಟು ಮಧ್ಯದಲ್ಲಿ ಅಡ್ಡಹಾಯುವುದರಿಂದ, ಅನುರೂಪ ಸ್ಥಾನಗಳ ಸಂದೇಶಗಳು ಮೆದುಳಿನ ಒಂದೇ ಭಾಗವನ್ನು ಸೇರಿ ಒಂದು ನೋಟವಾಗುತ್ತವೆ. ಬಿಂಬಗಳ ಸ್ಥಾನಭೇದ ಅಲ್ಪವಾದರೆ ಅದು ಆಳದ ಅರಿವಾಗಿ ಪರಿಣಮಿಸುತ್ತದೆ; ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಎರಡು ಚಪ್ಪಟೆ ಚಿತ್ರಗಳಿಂದ ಘನಾಕೃತಿಯನ್ನು ಕಾಣಿಸಿ ಇದನ್ನು ತೋರಿದನು. ಭೇದ ಹೆಚ್ಚಾದರೆ ವಸ್ತು ಎರಡಾಗುತ್ತದೆ. ಹೀಗೆ ಎರಡಾದ ವಸ್ತುಗಳು ನೋಟದಲ್ಲಿ ಸದಾ ಇದ್ದರೂ ಗಮನಕ್ಕೆ ಬರುವುದು ವಿರಳ.

ಈ ಹಿನ್ನೆಲೆಯಲ್ಲಿ ಶ್ರೀಭಾಷ್ಯದ ವಿವರಣೆ ಗಮನಾರ್ಹವಾದುದು. ಬೆರಳಿನಿಂದ ಕಣ್ಣನ್ನು ಒತ್ತಿದಾಗ ಅಥವಾ ತಿಮಿರ ರೋಗದಿಂದ ಕಣ್ಣಿನ ತೇಜಸ್ಸಿನ ಗತಿ ಭಿನ್ನವಾಗುತ್ತದೆ. ಆಗ ಒಂದನ್ನೊಂದು ಅಪೇಕ್ಷಿಸದ ಎರಡು ಕಾರಣಸಾಮಗ್ರಿಗಳು ಚಂದ್ರನನ್ನು ಎರಡು ಬಾರಿ ಗ್ರಹಿಸುತ್ತವೆ ಎಂಬುದು ರಾಮಾನುಜರ ನಿಲುವು. ಒಂದು ಚಂದ್ರನನ್ನು ಅವನ ಸ್ಥಾನದಲ್ಲಿ ಹಿಡಿದರೆ, ತುಸು ವಕ್ರವಾಗಿ ಸಾಗುವ ಇನ್ನೊಂದು ಸ್ಥಾನ ತಪ್ಪಿಸಿ ಹಿಡಿಯುತ್ತದೆ. ಚಂದ್ರನೊಬ್ಬನೇ, ಗ್ರಹಣಗಳು ಮಾತ್ರ ನಿಜವಾಗಿಯೂ ಎರಡು.

ಕಣ್ಣಿನಿಂದ ತೇಜಸ್ಸು ಹೊರಹೊಮ್ಮುತ್ತದೆಂಬ ಮಾತು ಇಂದು ನಿಲ್ಲದು, ಬೆಳಕು ಒಳಬರುತ್ತದೆ. ಒತ್ತುವಿಕೆ, ತಿಮಿರಗಳನ್ನು ಒಂದಾಗಿಸುವಂತೆಯೂ ಇಲ್ಲ. ಒತ್ತಿದ ಕಣ್ಣಿನ ದಿಕ್ಕು ಬದಲಾಗಿ ಹುಟ್ಟಿದ ಎರಡನೆಯ ಚಂದ್ರ ಒಂದು ಕಣ್ಣನ್ನು ಮುಚ್ಚಿದರೆ ಹೋಗುತ್ತಾನೆ. ಕಣ್ಣಿನ ಪೊರೆಯಿಂದ ಹುಟ್ಟಿದವನು ಆ ಒಂದು ಕಣ್ಣಿಗೇ ಕಾಣುತ್ತಾನೆ. ಆದರೂ ದ್ವಿತ್ವಕ್ಕೆ ನೈಜ ಕಾರಣವುಂಟೆಂಬ ಮೂಲಮಾತು ಉಳಿಯುತ್ತದೆ.

ನ್ಯಾಯಸೂತ್ರದ ಮೂರನೆಯ ಅಧ್ಯಾಯ ಇದೇ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಎತ್ತುತ್ತದೆ. ಎಡಗಣ್ಣು ಕಂಡುದನ್ನು ಬಲಗಣ್ಣು ಗುರುತಿಸುವುದರಿಂದ ಇಂದ್ರಿಯಗಳಾಚೆ ಒಬ್ಬ ಜ್ಞಾತೃವಿರಬೇಕೆಂಬುದು ಅಲ್ಲಿನ ವಾದ. ಕಣ್ಣು ಒಂದೇ, ಮೂಗಿನ ಎಲುಬಿನಿಂದ ಎರಡೆಂದು ತೋರುತ್ತದೆಂಬುದು ಪ್ರತಿವಾದ. ಇಂದಿನ ಶಾಸ್ತ್ರವೂ ಐಕ್ಯವನ್ನು ಕಣ್ಣುಗಳಾಚೆ, ಮೆದುಳಿನಲ್ಲಿ, ಅರಸುತ್ತದೆ. ಆ ಐಕ್ಯ ಸಹಜವಾಗಿ ಸಿದ್ಧವಾದುದಲ್ಲ. ಮೆಳ್ಳೆಗಣ್ಣಿನ ಮಗುವಿನಲ್ಲಿ ಮೆದುಳು ಒಂದು ಕಣ್ಣಿನ ಚಿತ್ರವನ್ನು ಅಡಗಿಸಿಬಿಡಬಹುದು. ಎಳವೆಯಲ್ಲಿಯೇ ಚಿಕಿತ್ಸೆಯಾಗದಿದ್ದರೆ ಆ ಕಣ್ಣಿನ ದೃಷ್ಟಿ ಕುಂದಿಯೇ ಉಳಿಯಬಹುದು. ಎರಡಾಗಿ ಕಾಣುವುದಕ್ಕೆ ಮಾತ್ರವಲ್ಲ, ಒಂದಾಗಿ ಕಾಣುವುದಕ್ಕೂ ಕಾರಣ ಬೇಕೆಂಬುದೇ ದ್ವಿಚಂದ್ರ ದೃಷ್ಟಾಂತ ಕಲಿಸುವ ಪಾಠ.