ಬಂಡೆಯ ಬುಡದ ಬುಗ್ಗೆ

ದಕ್ಷಿಣ ಫ್ರಾನ್ಸಿನ ಫೋಂಟೇನ್ ದ ವೋಕ್ಲೂಸ್ ಹಳ್ಳಿಯಲ್ಲಿ ಹೊಳೆಯ ದಂಡೆ ಹಿಡಿದು ಮೇಲಕ್ಕೆ ನಡೆದರೆ, ದಾರಿ ಭಾರಿ ಬಂಡೆಗೋಡೆಯೊಂದರ ಬುಡದಲ್ಲಿ ಮುಗಿಯುತ್ತದೆ. ಸೋರ್ಗ್ ನದಿ ಹುಟ್ಟುವುದು ಅಲ್ಲೇ. ಬೇಸಿಗೆಯಲ್ಲಿ ನೋಡಿದರೆ ಅಲುಗಾಡದ ಹಸಿರು ಕೊಳ; ವಸಂತದಲ್ಲಿ ಅದೇ ಕೊಳ ಉಕ್ಕಿ, ಬಂಡೆಗಳ ಮೇಲೆ ಭೋರ್ಗರೆದು ಧುಮುಕುತ್ತದೆ.

ಇಷ್ಟು ನೀರು ಬರುವುದೆಲ್ಲಿಂದ? ಸುತ್ತಲಿನ ಬೆಟ್ಟಗಳು ಸುಣ್ಣಕಲ್ಲಿನವು. ಮಳೆ, ಹಿಮದ ನೀರು ಬಿರುಕುಗಳಲ್ಲಿ ಇಳಿದು, ಒಳಸುರಂಗಗಳಲ್ಲಿ ಹರಿದು ಇಲ್ಲಿ ಹೊರಬೀಳುತ್ತದೆ.

ಆಳ ಅರಿಯಲು 1946ರಲ್ಲಿ ಮುಳುಗಿದ ಝಾಕ್ ಕುಸ್ತೋ ಸಾವಿನಿಂದ ಕೂದಲೆಳೆಯಲ್ಲಿ ಪಾರಾದರು. ಸಿಲಿಂಡರಿಗೆ ಗಾಳಿ ತುಂಬಿದ ಯಂತ್ರ ತನ್ನ ಹೊಗೆಯನ್ನೇ ಹೀರಿಕೊಂಡಿತ್ತು! ಕೊನೆಗೆ 1985ರಲ್ಲಿ ರೋಬಾಟ್ ಒಂದು 300 ಮೀಟರಿಗೂ ಕೆಳಗಿನ ತಳ ಮುಟ್ಟಿತು.

ಆದರೆ ಬಿರುಕುಗಳಿಗೆ ನೀರನ್ನು ಸೋಸುವ ಗುಣವಿಲ್ಲ. ಬೆಟ್ಟದ ಮೇಲೆ ಚೆಲ್ಲಿದ ಕೊಳೆಯೂ ಇದೇ ದಾರಿಯಲ್ಲಿ ಇಳಿದೀತು. ಬುಗ್ಗೆ ತಿಳಿಯಾಗಿರಬೇಕಾದರೆ ಬೆಟ್ಟ ಶುಚಿಯಾಗಿರಬೇಕು.