ವಿ. ರಾಜಾರಾಮನ್

ವೈದ್ಯೇಶ್ವರನ್ ರಾಜಾರಾಮನ್ (ಜನನ 1933) ಭಾರತದಲ್ಲಿ ಗಣಕ ವಿಜ್ಞಾನದ ಬೋಧನೆಗೆ ತಳಹದಿ ಹಾಕಿದವರಲ್ಲಿ ಪ್ರಮುಖರು. ಕಾನ್ಪುರದ ಐಐಟಿಯಲ್ಲಿ ಸುಮಾರು ಎರಡು ದಶಕ ಅಧ್ಯಾಪಕರಾಗಿದ್ದ ಇವರು 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿಯ ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವನ್ನು ಕಟ್ಟಿ, 1994ರವರೆಗೆ ಅದರ ಅಧ್ಯಕ್ಷರಾಗಿದ್ದರು. ಎಂಸಿಎ ಪದವಿಯ ರೂಪುರೇಷೆಗೂ ಇವರ ನೇತೃತ್ವದ ಸಮಿತಿಯೇ ಕಾರಣ.

ವಿದ್ಯಾಭ್ಯಾಸ

ಈರೋಡಿನಲ್ಲಿ ಜನಿಸಿದ ರಾಜಾರಾಮನ್ ಶಾಲಾ ಶಿಕ್ಷಣವನ್ನು ದೆಹಲಿಯಲ್ಲಿ ಪಡೆದರು. ಸೇಂಟ್ ಸ್ಟೀಫನ್ಸ್ ಕಾಲೇಜಿನಿಂದ 1952ರಲ್ಲಿ ಭೌತವಿಜ್ಞಾನದಲ್ಲಿ ಬಿಎಸ್ಸಿ ಆನರ್ಸ್ ಮುಗಿಸಿ, ಹಳೆಯ ಬೆಂಗಳೂರಿಗರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. 1955ರಲ್ಲಿ ವಿದ್ಯುತ್ ಸಂವಹನ ಎಂಜಿನಿಯರಿಂಗ್‌ನಲ್ಲಿ ಡಿಪ್ಲೊಮಾ ಪಡೆದರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿನ್ಸೆಂಟ್ ರೈಡೌಟ್ ಆ ದಿನಗಳಲ್ಲಿ ಸಂದರ್ಶಕರಾಗಿ ಅಲ್ಲಿದ್ದರು. ಅವರೊಡನೆ ಬಂದದ್ದು ಒಂದು ಅನಲಾಗ್ ಗಣಕ. ಇದು ಅಂಕಿಗಳನ್ನು ಎಣಿಸುವ ಯಂತ್ರವಲ್ಲ. ವೇಗ, ಒತ್ತಡ ಮುಂತಾದ ಪರಿಮಾಣಗಳನ್ನು ವಿದ್ಯುತ್ ವೋಲ್ಟೇಜುಗಳಾಗಿ ಪರಿವರ್ತಿಸಿ ಅವಕಲ ಸಮೀಕರಣಗಳನ್ನು ಬಿಡಿಸುವಂಥದು. ಈ ಯಂತ್ರಕ್ಕೆ ಬೇಕಾದ ಕೆಲವು ಘಟಕಗಳನ್ನು ತಾವೇ ನಿರ್ಮಿಸಿದ್ದು ರಾಜಾರಾಮನ್ನರ ಮೊದಲ ಸಂಶೋಧನೆ. ಭಾರತ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಎಂಐಟಿಗೆ ತೆರಳಿ 1959ರಲ್ಲಿ ಸ್ನಾತಕೋತ್ತರ ಪದವಿಯನ್ನೂ, 1961ರಲ್ಲಿ ವಿಸ್ಕಾನ್ಸಿನ್ನಿನಿಂದ ಡಾಕ್ಟರೇಟನ್ನೂ ಪಡೆದರು.

ಕಾನ್ಪುರದ ವರ್ಷಗಳು

1963ರಲ್ಲಿ ಇವರು ಕಾನ್ಪುರ ಐಐಟಿಯನ್ನು ಸೇರಿದ ವರ್ಷವೇ ಅಲ್ಲಿಗೆ ಐಬಿಎಂ 1620 ಗಣಕ ಬಂದಿತು. ಇದರ ಮೊದಲ ಮಾದರಿಯ ವಿಶೇಷವೆಂದರೆ ಕೂಡುವುದನ್ನಾಗಲಿ ಗುಣಿಸುವುದನ್ನಾಗಲಿ ಅದು ತನ್ನ ಮಂಡಲಗಳಿಂದ ಮಾಡುತ್ತಿರಲಿಲ್ಲ. ಸ್ಮೃತಿಯಲ್ಲಿಟ್ಟಿದ್ದ ಕೋಷ್ಟಕವನ್ನು ನೋಡಿ ಉತ್ತರ ಹೇಳುತ್ತಿತ್ತು. ನಮ್ಮ ಪ್ರಾಥಮಿಕ ಶಾಲೆಯ ಮಕ್ಕಳು ಮಗ್ಗಿ ಪುಸ್ತಕ ತೆರೆದಿಟ್ಟುಕೊಂಡು ಲೆಕ್ಕ ಮಾಡಿದಂತೆಯೇ ಇದು. ಅಧ್ಯಾಪಕರಿಗೂ ಉದ್ಯಮಗಳವರಿಗೂ ಇಲ್ಲಿ ಹತ್ತು ದಿನಗಳ ಫೋರ್ಟ್ರಾನ್ ತರಬೇತಿ ಶಿಬಿರಗಳು ನಡೆದವು. 1965ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ವಿಭಾಗದೊಳಗೇ ಗಣಕ ವಿಜ್ಞಾನವನ್ನು ಅಧ್ಯಯನ ಮಾಡುವ ಎಂ.ಟೆಕ್. ಆರಂಭವಾಯಿತು. ಅಲ್ಲಿ ಇವರಿಂದ ಪಾಠ ಕೇಳಿದವರಲ್ಲಿ, ಮುಂದೆ ಇನ್ಫೋಸಿಸ್ ಸ್ಥಾಪಿಸಿದ ಕನ್ನಡಿಗ ಎನ್. ಆರ್. ನಾರಾಯಣಮೂರ್ತಿ ಒಬ್ಬರು.

ಪಾಠ ಮಾಡಲು ಯಂತ್ರವಿದ್ದರೂ ಓದಲು ಪುಸ್ತಕವಿರಲಿಲ್ಲ. ವಿದೇಶಿ ಪುಸ್ತಕಗಳ ಬೆಲೆ ವಿದ್ಯಾರ್ಥಿಗಳ ಕೈಗೆಟುಕುತ್ತಿರಲಿಲ್ಲ. 1969ರಲ್ಲಿ ಪ್ರಕಟವಾದ ‘ಪ್ರಿನ್ಸಿಪಲ್ಸ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಈ ಕೊರತೆಯನ್ನು ನೀಗಿಸಿತು. ಬಳಿಕ ಸಂಖ್ಯಾತ್ಮಕ ವಿಧಾನಗಳು, ಸಮಾಂತರ ಗಣಕಗಳು ಮುಂತಾದ ವಿಷಯಗಳ ಮೇಲೆ ಇವರು ಬರೆದ ಅನೇಕ ಪುಸ್ತಕಗಳು ಮೇಲಿಂದ ಮೇಲೆ ಮುದ್ರಣ ಕಂಡವು. ಗಣಕವನ್ನು ಕಣ್ಣಿನಿಂದ ಕಾಣುವ ಮೊದಲೇ ಅದಕ್ಕೆ ಕ್ರಮವಿಧಿ ಬರೆಯಲು ಈ ಪುಸ್ತಕಗಳಿಂದ ಕಲಿತ ವಿದ್ಯಾರ್ಥಿಗಳು ಕರ್ನಾಟಕದ ಕಾಲೇಜುಗಳಲ್ಲೂ ಇದ್ದರು.

ಎಂಸಿಎ ಪದವಿ

1980ರ ದಶಕದ ಆರಂಭದಲ್ಲಿ ಗಣಕ ಬಲ್ಲವರ ಕೊರತೆ ತೀವ್ರವಾಗಿತ್ತು. ಎಂಜಿನಿಯರಿಂಗ್ ಕಾಲೇಜುಗಳಿಂದಷ್ಟೇ ಈ ಕೊರತೆ ತುಂಬದೆಂದು ಕಂಡ ರಾಜಾರಾಮನ್ ಸಮಿತಿಯು ಗಣಿತದ ಹಿನ್ನೆಲೆಯುಳ್ಳ ಇತರ ಪದವೀಧರರಿಗೆ ಮೂರು ವರ್ಷಗಳ ಸ್ನಾತಕೋತ್ತರ ಶಿಕ್ಷಣವನ್ನು ಸೂಚಿಸಿತು. ಸಣ್ಣ ಊರುಗಳ ಬಿಎಸ್ಸಿ ಪದವೀಧರರು ತಂತ್ರಾಂಶ ಉದ್ಯಮವನ್ನು ಪ್ರವೇಶಿಸಿದ್ದು ಬಹುಮಟ್ಟಿಗೆ ಈ ಬಾಗಿಲಿನಿಂದ. ಇವರ ಕೆಲಸಗಳಲ್ಲಿ ಅತಿ ಹೆಚ್ಚು ಕುಟುಂಬಗಳನ್ನು ಮುಟ್ಟಿದ್ದು ಇದೇ ಇರಬೇಕು. 2020ರಿಂದ ಎಂಸಿಎ ಅವಧಿ ಎರಡು ವರ್ಷಕ್ಕೆ ಇಳಿದಿದೆ.

ಬೆಂಗಳೂರು: ಸಂಶೋಧನಾ ಆಡಳಿತ

ವಿಜ್ಞಾನ ಸಂಸ್ಥೆಯಲ್ಲಿ 1970ರಿಂದಲೂ ಗಣಕ ಕೇಂದ್ರವೊಂದಿತ್ತು. 1990ರಲ್ಲಿ ಅದು ಸೂಪರ್‌ಕಂಪ್ಯೂಟರ್ ಕೇಂದ್ರವಾಗಿ ಬೆಳೆಯಿತು. ಇಂಥ ಕೇಂದ್ರದ ಅಧ್ಯಕ್ಷನ ದಿನಚರಿ ಪ್ರಬಂಧ ಬರೆಯುವವನ ದಿನಚರಿಯಲ್ಲ. ಯಾವ ಯಂತ್ರವನ್ನು ಕೊಳ್ಳಬೇಕು, ಆಮದಿಗೆ ಸರ್ಕಾರದ ಅನುಮತಿ ಹೇಗೆ ಪಡೆಯಬೇಕು, ವಿದ್ಯುತ್ತು ಮತ್ತು ಹವಾನಿಯಂತ್ರಣ ಕೈಕೊಡದಂತೆ ಹೇಗೆ ನೋಡಿಕೊಳ್ಳಬೇಕು, ಹತ್ತಾರು ವಿಭಾಗಗಳ ನಡುವೆ ಯಂತ್ರದ ಸಮಯವನ್ನು ಹೇಗೆ ಹಂಚಬೇಕು ಎಂಬ ಪ್ರಶ್ನೆಗಳೇ ಅಲ್ಲಿ ಮುಖ್ಯ.

ಆ ಕಾಲದಲ್ಲಿ ಸೂಪರ್‌ಕಂಪ್ಯೂಟರ್‌ಗಳ ರಫ್ತಿನ ಮೇಲೆ ಅಮೆರಿಕ ಬಿಗಿಯಾದ ನಿರ್ಬಂಧ ಹೇರಿತ್ತು. ದೆಹಲಿಗೆ ಬಂದ ಕ್ರೇ ಯಂತ್ರವನ್ನು ಸಹ ಹವಾಮಾನ ಮುನ್ಸೂಚನೆಗೆ ಮಾತ್ರ ಬಳಸಬೇಕೆಂಬ ಷರತ್ತಿತ್ತು. ಬೆಂಗಳೂರಿನ ಕೇಂದ್ರ ಹಿಡಿದ ದಾರಿ ಬೇರೆ. ಎಲ್ಲ ಕೆಲಸವನ್ನೂ ಒಂದೇ ದೈತ್ಯ ಯಂತ್ರಕ್ಕೆ ವಹಿಸದೆ, ಭಾರಿ ಲೆಕ್ಕಾಚಾರಕ್ಕೊಂದು, ಚಿತ್ರರಚನೆಗೊಂದು, ದತ್ತಾಂಶ ಸಂಗ್ರಹಕ್ಕೊಂದು ಎಂದು ಯಂತ್ರಗಳನ್ನು ವಿಂಗಡಿಸಿ ಜಾಲದಿಂದ ಜೋಡಿಸಲಾಯಿತು. ಒಂದು ಯಂತ್ರ ಹಳತಾದರೆ ಅದನ್ನಷ್ಟೇ ಬದಲಿಸಬಹುದಿತ್ತು. ಸಂಶೋಧಕರು ತಮ್ಮ ವಿಭಾಗದಲ್ಲಿ ಕುಳಿತೇ ಕೆಲಸ ಮಾಡಬಹುದಿತ್ತು. ಇಂದು ಸಾಮಾನ್ಯವೆನಿಸುವ ಈ ವ್ಯವಸ್ಥೆ ಆಗ ಧೈರ್ಯದ ನಿರ್ಧಾರವಾಗಿತ್ತು.

ದೇಶದಲ್ಲೇ ಸಮಾಂತರ ಗಣಕಗಳನ್ನು ನಿರ್ಮಿಸುವ ಚಿಂತನೆಯಲ್ಲೂ ಇವರ ಪಾತ್ರವಿದೆ. ನಗರದ ಪೂರ್ವಭಾಗದ ಕೋಡಿಹಳ್ಳಿಯಲ್ಲಿರುವ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1986ರಲ್ಲೇ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ಸಿದ್ಧಪಡಿಸಿತ್ತು. ಪ್ರಧಾನಮಂತ್ರಿಗಳ ವಿಜ್ಞಾನ ಸಲಹಾ ಮಂಡಳಿ ನೇಮಿಸಿದ, ರಾಜಾರಾಮನ್ ನೇತೃತ್ವದ ಅಧ್ಯಯನ ತಂಡದ ಶಿಫಾರಸಿನ ಬಳಿಕ 1988ರಲ್ಲಿ ಪುಣೆಯನ್ನು ಕೇಂದ್ರವಾಗಿಟ್ಟುಕೊಂಡು ಸಿ-ಡ್ಯಾಕ್ ಸ್ಥಾಪನೆಯಾಯಿತು. 1991ರಲ್ಲಿ ಅದರಿಂದ ಪರಮ್ 8000 ಹೊರಬಂದಿತು. ಇಂದಿರಾನಗರಕ್ಕೆ ಸಮೀಪ, ಹಳೆ ಮದ್ರಾಸ್ ರಸ್ತೆಯ ಬೈಯಪ್ಪನಹಳ್ಳಿಯಲ್ಲಿ ಸಿ-ಡ್ಯಾಕ್‌ನ ಬೆಂಗಳೂರು ಶಾಖೆಯಿದೆ.

ನಂತರದ ವರ್ಷಗಳು ಮತ್ತು ಗೌರವಗಳು

1994ರಿಂದ 2001ರವರೆಗೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಐಬಿಎಂ ಪ್ರಾಧ್ಯಾಪಕ ಪೀಠದಲ್ಲಿದ್ದ ಇವರು, ಬಳಿಕ ತಾವೇ ಕಟ್ಟಿದ ಕೇಂದ್ರಕ್ಕೆ ಗೌರವ ಪ್ರಾಧ್ಯಾಪಕರಾಗಿ ಮರಳಿದರು. 1976ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ, 1998ರಲ್ಲಿ ಪದ್ಮಭೂಷಣ ಇವರಿಗೆ ಸಂದವು. 1955ರಿಂದ 2010ರವರೆಗಿನ ಭಾರತೀಯ ಗಣಕ ಚರಿತ್ರೆಯನ್ನು ಕುರಿತು ಇವರು ಬರೆದ ಗ್ರಂಥವನ್ನು ಐಇಇಇ ಕಂಪ್ಯೂಟರ್ ಸೊಸೈಟಿ 2012ರಲ್ಲಿ ಪ್ರಕಟಿಸಿತು.