ಕಬ್ಬಿಣದ ಸಿಪ್ಪೆಯೊಳಗೆ ಏನಿದೆ?

ಭದ್ರಾವತಿಯ ಕುಲುಮೆ 1923ರಿಂದ ಕೊಟ್ಟ ಕಬ್ಬಿಣ ಘನ ಸೆಂಟಿಮೀಟರಿಗೆ 8 ಗ್ರಾಂ ಕೂಡ ತೂಗದು. ನ್ಯೂಟ್ರಾನ್ ನಕ್ಷತ್ರದ ಹೊರಸಿಪ್ಪೆಯೂ ಬಹುಮಟ್ಟಿಗೆ ಕಬ್ಬಿಣವೇ ಎನ್ನುತ್ತಾರೆ ಭೌತವಿಜ್ಞಾನಿಗಳು. ಹೋಲಿಕೆ ಅಲ್ಲಿಗೇ ಮುಗಿಯಿತು.

ಸೂರ್ಯನ ಎಂಟು ಪಟ್ಟಿಗೂ ಮೀರಿದ ದ್ರವ್ಯವಿರುವ ನಕ್ಷತ್ರ ಸಿಡಿಯುವಾಗ ಅದರ ಕಬ್ಬಿಣದ ತಿರುಳು ಕುಸಿಯುತ್ತದೆ. ಸೂರ್ಯನಿಗಿಂತ ಹೆಚ್ಚು ದ್ರವ್ಯ ಸುಮಾರು 24 ಕಿ.ಮೀ. ವ್ಯಾಸದ ಗೋಳದಲ್ಲಿ ಅಡಕವಾಗುತ್ತದೆ; ಅದೇ ನ್ಯೂಟ್ರಾನ್ ನಕ್ಷತ್ರ. ಶಿವಮೊಗ್ಗದ ಆಲ್ಕೊಳದಲ್ಲಿ ಒಂದು ಅಂಚಿದ್ದರೆ ಇನ್ನೊಂದು ಭದ್ರಾವತಿಯ ಆಸುಪಾಸಿನಲ್ಲಿ!

ಒಳಗಿಳಿದಂತೆ ಎಲೆಕ್ಟ್ರಾನುಗಳು ಪ್ರೋಟಾನುಗಳೊಳಗೆ ತುರುಕಲ್ಪಟ್ಟು ನ್ಯೂಟ್ರಾನುಗಳಾಗುತ್ತವೆ. ಇನ್ನೂ ಕೆಳಗೆ ಪರಮಾಣು ಬೀಜಗಳಿಗೆ ಅಷ್ಟೊಂದು ನ್ಯೂಟ್ರಾನುಗಳನ್ನು ಹಿಡಿದಿಡಲಾಗದು, ಅವು ಸೋರತೊಡಗುತ್ತವೆ. ಸುಮಾರು ಒಂದು ಕಿ.ಮೀ. ಆಳದಾಚೆ ಬಿಡಿ ಬೀಜಗಳೇ ಇಲ್ಲ. ಅಲ್ಲಿ ಒಂದು ಘನ ಸೆಂಟಿಮೀಟರಿನಲ್ಲಿ ಹತ್ತು ಕೋಟಿ ಟನ್ನಿಗೂ ಹೆಚ್ಚು ದ್ರವ್ಯ.

ಯಾವ ಪ್ರಯೋಗಶಾಲೆಗೂ ಎಟುಕದ ಈ ಒಡಲಿನ ಸುಳಿವು ಸಿಕ್ಕಿದ್ದು ಒಂದು ಎಡವಟ್ಟಿನಿಂದ. ಸರ್ ಸಿ.ವಿ. ರಾಮನ್ ಅವರ ಮಗ ವಿ. ರಾಧಾಕೃಷ್ಣನ್ ಆಗ ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದಲ್ಲಿದ್ದರು. ಸೆಕೆಂಡಿಗೆ 11 ಸುತ್ತು ಹಾಕುವ ವೇಲಾ ಪಲ್ಸಾರ್ (ತಿರುಗುತ್ತಾ ರೇಡಿಯೋ ಮಿಡಿತ ಕಳಿಸುವ ನ್ಯೂಟ್ರಾನ್ ನಕ್ಷತ್ರ) ದಿನಕ್ಕೆ ಹತ್ತು ನ್ಯಾನೋಸೆಕೆಂಡಿನಷ್ಟು ನಿಧಾನವಾಗುತ್ತಿತ್ತು. 1969ರ ಫೆಬ್ರವರಿ ಕೊನೆ ಮತ್ತು ಮಾರ್ಚ್ ಆರಂಭದ ನಡುವೆ ಅದು ಇದ್ದಕ್ಕಿದ್ದಂತೆ ಚುರುಕಾಯಿತು: ಒಂದು ಸುತ್ತಿನ ಅವಧಿಯಲ್ಲಿ ಸುಮಾರು 200 ನ್ಯಾನೋಸೆಕೆಂಡ್ ಕಡಿತ. ಅವರೂ ರಿಚರ್ಡ್ ಮ್ಯಾಂಚೆಸ್ಟರ್ ಅವರೂ ಇದನ್ನು 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಅಮೆರಿಕದ ಇನ್ನೊಂದು ತಂಡವೂ ಅದನ್ನೇ ಕಂಡಿತ್ತು. ರಾಧಾಕೃಷ್ಣನ್ 1972ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಪಲ್ಸಾರ್ ಅಧ್ಯಯನವೂ ಅವರ ಜೊತೆಗೇ ಬಂತು.

ಅಷ್ಟು ಭಾರದ ಗೋಳವನ್ನು ತಳ್ಳಿದ್ದು ಯಾರು? ಹೆಚ್ಚಿನವರು ಒಪ್ಪುವ ಉತ್ತರ: ಒಳಗಿನ ನ್ಯೂಟ್ರಾನುಗಳೇ. ಅವು ಸೂಪರ್‌ಫ್ಲೂಯಿಡ್, ಅಂದರೆ ಘರ್ಷಣೆಯೇ ಇಲ್ಲದ ದ್ರವ. ಹೀಲಿಯಂ ಆ ಸ್ಥಿತಿಗೆ ಬರಲು ಮೈನಸ್ 271 ಡಿಗ್ರಿಗೆ ತಣಿಯಬೇಕು. ಇಲ್ಲಿನ ಒತ್ತಡದಲ್ಲಿ ಕೋಟಿಗಟ್ಟಲೆ ಡಿಗ್ರಿಯ ಕಾವಿನಲ್ಲೂ ಅದು ಸಾಧ್ಯ. ಇಂಥ ದ್ರವ ಅಸಂಖ್ಯ ಸಣ್ಣ ಸುಳಿಗಳಾಗಿ ಮಾತ್ರ ತಿರುಗಬಲ್ಲದು. ಸುಳಿಗಳು ಸಿಪ್ಪೆಗೆ ಸಿಕ್ಕಿಕೊಂಡಿರುವಷ್ಟು ಕಾಲ ದ್ರವ ತನ್ನ ಹಳೆಯ ವೇಗವನ್ನು ಬಿಟ್ಟುಕೊಡದು, ಸಿಪ್ಪೆ ಮಾತ್ರ ನಿಧಾನವಾಗುತ್ತದೆ. ಒಮ್ಮೆಲೇ ಸುಳಿಗಳು ಕಳಚಿಕೊಂಡರೆ ಕೂಡಿಟ್ಟ ವೇಗ ಸಿಪ್ಪೆಗೆ ದಾಟುತ್ತದೆ.

ವೇಲಾ ಕೆಲವು ವರ್ಷಗಳಿಗೊಮ್ಮೆ ಹೀಗೆ ಎಡವುತ್ತಲೇ ಇದೆ. 2016ರ ಡಿಸೆಂಬರ್ 12ರಂದು ಟ್ಯಾಸ್ಮೇನಿಯಾದ 26 ಮೀಟರ್ ದೂರದರ್ಶಕ ಆ ಗಳಿಗೆಯನ್ನೇ ಒಂದೊಂದು ಮಿಡಿತವಾಗಿ ದಾಖಲಿಸಿತು. ಜಿಗಿತದ ಹೊತ್ತಿನಲ್ಲಿ ಒಂದು ಮಿಡಿತ ಬರಲೇ ಇಲ್ಲ.